ಹಿತ್ತಲ ಕ್ಯಾಮೆರಾ ಕಾಣದ ಹೊತ್ತು

ಊಟದ ಹೊತ್ತು ಕಳೆದ ಮೇಲೆ ಬಳೇಪೇಟೆಯ ಅಂಗಡಿಗಳಿಗೆ ಒಂದು ಜೊಂಪು ಹತ್ತುತ್ತದೆ. ಹೊರಗೆ ಕೈಗಾಡಿಗಳ ಗದ್ದಲ ಇದ್ದೇ ಇರುತ್ತದೆ. ಆದರೆ ಅದು ಹೊಳೆಯ ಸದ್ದಿನಂತೆ ಕಿವಿಗೆ ಒಗ್ಗಿಹೋಗಿ, ಗಾಜಿನ ಬಳೆಯ ಡಬ್ಬಿಗಳ ನಡುವೆ ಕೂತವರ ಕಣ್ಣು ತಾನಾಗಿ ಭಾರವಾಗುತ್ತದೆ. ಆ ಹೊತ್ತಿಗೆ ಶಿವರಂಜಿನಿ ಫೋನ್ ತೆಗೆದು ಶಂಕರಪುರದ ತನ್ನ ಮನೆಯ ಹಿತ್ತಲು ನೋಡುತ್ತಿದ್ದಳು. ನೋಡುವಂಥದ್ದು ಅಲ್ಲಿ ಏನೂ ಇರಲಿಲ್ಲ. ಒಗೆಯುವ ಕಲ್ಲು, ನಂದಿಬಟ್ಟಲ ಗಿಡ, ತಂತಿಯ ಮೇಲೆ ಒಣಗುವ ಬಟ್ಟೆ, ಹಿಂದಿನ ಓಣಿಗೆ ತೆರೆಯುವ ಹಸಿರು ಬಾಗಿಲು. ಆದರೂ ಆ ಪುಟ್ಟ ಚಿತ್ರದೊಳಗಿನ ಬಿಸಿಲು ಅಂಗಡಿಯ ಟ್ಯೂಬ್‌ಲೈಟಿಗಿಂತ ತಂಪಾಗಿ ಕಾಣುತ್ತಿತ್ತು.

ಆಗಲೇ ಚಿತ್ರ ನಿಂತುಬಿಡುತ್ತಿತ್ತು. ಗಾಳಿಗೆ ಎದ್ದ ಟವೆಲ್ಲು ಎದ್ದಲ್ಲೇ. ಕಾಂಪೌಂಡಿನಿಂದ ಹಾರಲು ರೆಕ್ಕೆ ಬಿಚ್ಚಿದ ಕಾಗೆ ಬಿಚ್ಚಿದಲ್ಲೇ. ಮಧ್ಯದಲ್ಲಿ ಒಂದು ಸಣ್ಣ ಚಕ್ರ ತಿರುಗಿ ತಿರುಗಿ, ಕೊನೆಗೆ 'ಕ್ಯಾಮೆರಾ ಆಫ್‌ಲೈನ್' ಎಂದು ಬರುತ್ತಿತ್ತು. ಮತ್ತೆ ಅದು ಕಣ್ಣು ಬಿಡುವಾಗ ಸಂಜೆಯ ಬಣ್ಣ ಬಂದಿರುತ್ತಿತ್ತು. ನಂದಿಬಟ್ಟಲ ನೆರಳು ಒಗೆಯುವ ಕಲ್ಲನ್ನು ದಾಟಿ ಗೋಡೆ ಹತ್ತಿರುತ್ತಿತ್ತು. ಕ್ಯಾಮೆರಾದೊಳಗೆ ಮೆಮೊರಿ ಕಾರ್ಡ್ ಹಾಕಿಸಿರಲಿಲ್ಲ, ಚಿತ್ರ ಉಳಿಯುತ್ತಿದ್ದುದು ಇಂಟರ್ನೆಟ್ಟಿನಲ್ಲಿ ಮಾತ್ರ. ಹಾಗಾಗಿ ಸಂಪರ್ಕ ತಪ್ಪಿದ ಹೊತ್ತಿನಲ್ಲಿ ಅದು ಕಂಡದ್ದೆಲ್ಲ ಕಂಡಲ್ಲೇ ಕರಗಿಹೋಗುತ್ತಿತ್ತು.

ಗೇಟಿಗೊಂದು, ಹಿತ್ತಲಿಗೊಂದು ಕ್ಯಾಮೆರಾ ಹಾಕಿಸಿದ್ದು ಅವಳ ಗಂಡ ಪ್ರಭುದೇವ. ಪಕ್ಕದ ಬೀದಿಯ ಮನೆಯೊಂದಕ್ಕೆ ಹಗಲಲ್ಲೇ ಕಳ್ಳರು ನುಗ್ಗಿದ್ದು ಒಂದು ನೆಪ. ನಿಜವಾದ ಕಾರಣ ಅವನ ಅಕ್ಕ ತ್ರಿಪುರಸುಂದರಿ. ಆಕೆ ಮದುವೆಯಾಗಿರಲಿಲ್ಲ, ಇವರ ಮನೆಯಲ್ಲೇ ಇದ್ದಳು. ಶೇಷಾದ್ರಿಪುರದ ಒಂದು ಆಫೀಸಿನಲ್ಲಿ ಬದುಕೆಲ್ಲ ಕೆಲಸ ಮಾಡಿ, ನಿವೃತ್ತಿಯಾದ ಮೇಲೂ ದಿನಾ ಒಂದು ಸುತ್ತು ಹೊರಗೆ ಹೋಗಿ ಬರದಿದ್ದರೆ ಊಟ ಸೇರದ ಹೆಂಗಸು. ಹೋದ ವರ್ಷ ಗಾಂಧಿಬಜಾರಿನಲ್ಲಿ ಹೂವು ಕೊಳ್ಳುತ್ತಿದ್ದಾಗ ತಲೆ ಸುತ್ತಿ ಫುಟ್‌ಪಾತಿನ ಮೇಲೆ ಕೂತುಬಿಟ್ಟಿದ್ದಳು. ಯಾರೋ ಆಟೋದವರು ಮನೆಗೆ ತಂದು ಬಿಟ್ಟರು. ಡಾಕ್ಟರು ಬಿಪಿ ಮಾತ್ರೆ ಬದಲಾಯಿಸಿದರು. ಆಮೇಲೆ ಒಮ್ಮೆಯೂ ಹಾಗಾಗಲಿಲ್ಲ. ಆದರೆ ಪ್ರಭುದೇವ ಅವತ್ತು ಹೇಳಿದ ಮಾತು ಹಾಗೇ ಉಳಿದುಹೋಯಿತು: "ಇನ್ಮೇಲೆ ಒಬ್ಳೇ ಹೊರಗೆ ಹೋಗ್ಬೇಡ ಅಕ್ಕ. ನಮ್ಮಲ್ಲಿ ಯಾರಾದ್ರೂ ಇದ್ದಾಗ ಹೋಗು." ಆದರೆ ಇವರಿಬ್ಬರೂ ಬೆಳಿಗ್ಗೆ ಅಂಗಡಿಗೆ ಬಂದರೆ ಮನೆ ಸೇರುವುದು ಕತ್ತಲಾದ ಮೇಲೇ.

ಆ ಮನೆಯೋ ರೈಲುಬೋಗಿಯ ಹಾಗೆ ಉದ್ದ. ಮುಂದಿನ ಹಾಲ್, ನಡುಕೋಣೆ, ಊಟದ ಮನೆ, ಅಡುಗೆಮನೆ, ಹಿತ್ತಲು, ಒಂದರ ಹಿಂದೊಂದು. ಮಧ್ಯೆ ಮೊಳಗಟ್ಟಲೆ ದಪ್ಪದ ಗೋಡೆಗಳು. ಹಾಲಿನಲ್ಲಿಟ್ಟ ವೈಫೈ ಅಡುಗೆಮನೆಗೇ ತಲುಪುತ್ತಿರಲಿಲ್ಲ. ಅದಕ್ಕೇ ಮೆಶ್ ಅಂತ ಎರಡು ಬಿಳಿ ಡಬ್ಬಿ ಬಂದವು, ಮಜ್ಜಿಗೆ ಲೋಟದ ಗಾತ್ರದವು. ಒಂದು ಹಾಲಿನಲ್ಲಿ, ಇನ್ನೊಂದು ನಡುಕೋಣೆಯ ಗೂಡಿನಲ್ಲಿ. ಮೊದಲನೆಯದು ಹೇಳಿದ್ದನ್ನು ಎರಡನೆಯದು ಕೇಳಿಸಿಕೊಂಡು ಹಿತ್ತಲಿಗೆ ಹೇಳಬೇಕು. ಹಿತ್ತಲ ಕ್ಯಾಮೆರಾ ಕಂಡದ್ದು ಅದೇ ದಾರಿಯಲ್ಲಿ ವಾಪಸ್ ಬರಬೇಕು.

ಮೊದಮೊದಲು ಗೇಟಿನ ಕ್ಯಾಮೆರಾವೂ ಬಿದ್ದುಬಿದ್ದು ಏಳುತ್ತಿತ್ತು. ಪ್ರಭುದೇವನಿಗೆ ಇದರ ತಾಳ್ಮೆಯಿಲ್ಲ. "ನೀನೇ ನೋಡ್ಕೋ ಮಾರಾಯ್ತಿ," ಎಂದು ಹೆಂಡತಿಗೆ ಒಪ್ಪಿಸಿಬಿಟ್ಟ. ಅವಳು ಚಾಮರಾಜಪೇಟೆಯಿಂದ ಕೇದಾರ್ ಅವರನ್ನು ಕರೆಸಿದಳು. ಬೀದಿಯ ಅರ್ಧ ಮನೆಗಳಿಗೆ ಇಂಟರ್ನೆಟ್ ಎಳೆದವರು ಅವರು; ನಿಧಾನದ ಮನುಷ್ಯ, ಕಾಫಿ ಕುಡಿಯದೆ ಕೆಲಸಕ್ಕೆ ಕೈ ಹಾಕುವವರಲ್ಲ.

"ನೋಡಿ ಮೇಡಂ, ಈ ಡಬ್ಬಿ ಎರಡು ಥರದ ಸಿಗ್ನಲ್ ಕೊಡತ್ತೆ, ಆದ್ರೆ ಎರಡಕ್ಕೂ ಒಂದೇ ಹೆಸರು," ಎಂದರು. "ಕ್ಯಾಮೆರಾಗೆ ಹಳೇದು, ನಿಧಾನದ್ದು ಮಾತ್ರ ಹಿಡಿಸೋದು. ಹೊಸದು ಕರೆದಾಗೆಲ್ಲ ಗಲಿಬಿಲಿಯಾಗಿ ಕೈ ಬಿಡತ್ತೆ. ಅದಕ್ಕೇ ಅಂತ ಒಂದು ಬೇರೆ ಹೆಸರು ಮಾಡಿಕೊಡ್ತೀನಿ. ಯಾವ ಕ್ಯಾಮೆರಾ ಯಾವ ಡಬ್ಬಿ ಹಿಡೀಬೇಕು ಅಂತಾನೂ ಗಟ್ಟಿ ಮಾಡ್ಬಿಡ್ತೀನಿ."

ಗೇಟಿನ ಕ್ಯಾಮೆರಾ ಆವತ್ತೇ ಸರಿಹೋಯಿತು. ಹಿತ್ತಲಿನದು ಸರಿಹೋಗಲಿಲ್ಲ. ಕೇದಾರ್ ಬಂದಾಗೆಲ್ಲ ಸಂಜೆ. ಸಂಜೆ ಅದು ಸೊಗಸಾಗಿ ನಡೆಯುತ್ತಿತ್ತು. ನಡುಕೋಣೆಯ ಡಬ್ಬಿಯೇ ಮಧ್ಯಾಹ್ನ ಹಾಲಿನ ಡಬ್ಬಿಯ ಕೈ ತಪ್ಪಿಸಿಕೊಳ್ಳುತ್ತಿದೆ, ಅಷ್ಟು ಮಾತ್ರ ತಿಳಿಯಿತು. ಯಾಕೆ ಎಂದರೆ ಅವರು ಗೋಡೆಯನ್ನು ತಟ್ಟಿ ನೋಡಿ, "ಹಳೇ ಮನೆ," ಎಂದರು.

ಯಾಕೋ ಏನೋ, ಶಿವರಂಜಿನಿಗೆ ಆ ಕಾಣದ ಹೊತ್ತಿನ ಮೇಲೆ ಒಂದು ಮೋಹ ಬೆಳೆಯಿತು. ಚಕ್ರ ತಿರುಗಲು ಶುರುವಾದ ಕೂಡಲೇ ಫೋನ್ ಮಡಿಲಲ್ಲಿಟ್ಟುಕೊಂಡು ಅರೆಗಣ್ಣಾಗುತ್ತಿದ್ದಳು. ಈಗ ಮನೆ ಯಾರ ಕಣ್ಣಿಗೂ ಬೀಳದೆ ತನ್ನ ಪಾಡಿಗೆ ತಾನು ಉಸಿರಾಡುತ್ತಿರಬಹುದು. ಟವೆಲ್ಲು ತಂತಿಯಿಂದಿಳಿದು ನೀರಿನ ತೊಟ್ಟಿಯ ಬಳಿ ಹೋಗಿರಬಹುದು. ಹಸಿರು ಬಾಗಿಲು ತಾನೇ ತೆರೆದು, ಓಣಿಯ ಬದಲು ಬೇರೇನೋ ಕಾಣುತ್ತಿರಬಹುದು. ಗಿರಾಕಿ ಬಂದು "ಎರಡೂಕಾಲಿನ ಸೈಜು ಇದೆಯಾ?" ಎಂದರೆ ಬೆಚ್ಚಿ ಏಳುತ್ತಿದ್ದಳು.

ಒಂದು ದಿನ ಅವಳು ಅಂಗಡಿಗೆ ಹೋಗಲಿಲ್ಲ. "ವೈಫೈ ನೋಡ್ಬೇಕು ಅತ್ತಿಗೆ, ಮಧ್ಯಾಹ್ನ ಅದೇನಾಗತ್ತೋ ಇವತ್ತು ಹಿಡೀತೀನಿ," ಎಂದಳು. ತ್ರಿಪುರಸುಂದರಿ ತಲೆಯಾಡಿಸಿ ನಿಂಬೆಹಣ್ಣಿನ ಚಿತ್ರಾನ್ನ ಬಡಿಸಿದಳು.

ಊಟವಾದ ಮೇಲೆ ಮನೆ ಮೌನವಾಯಿತು. ಹಾಲಿನ ಕಲ್ಲುಹಾಸು ತಣ್ಣಗಿತ್ತು. ಗವಾಕ್ಷಿಯಿಂದ ಇಳಿದ ಬಿಸಿಲಿನ ಕೋಲಿನಲ್ಲಿ ಧೂಳು ಮೆಲ್ಲಗೆ ಮೇಲೇರುತ್ತಿತ್ತು. ಶಿವರಂಜಿನಿ ದಿವಾನದ ಮೇಲೆ ಕೂತು ಫೋನಿನಲ್ಲಿ ಹಿತ್ತಲನ್ನು ನೋಡುತ್ತಿದ್ದಳು. ಗೋಡೆಯಾಚೆಗಿನ ಹಿತ್ತಲನ್ನು ಹೀಗೆ ಕೈಯಲ್ಲಿ ಹಿಡಿದು ನೋಡುವುದು ನಿದ್ದೆಯಲ್ಲಿ ತನ್ನನ್ನೇ ತಾನು ನೋಡಿದಂತಿತ್ತು. ಒಂದು ಅಳಿಲು ಒಗೆಯುವ ಕಲ್ಲಿನ ಮೇಲೆ ಬಂದು ಕೂತಿತು. ಅಲ್ಲೇ ನಿಂತುಬಿಟ್ಟಿತು. ಚಕ್ರ ತಿರುಗತೊಡಗಿತು.

ಅವಳು ಎದ್ದಳು. ಫೋನಿನಲ್ಲಿ ಸಿಗ್ನಲ್ಲಿನ ಗೀಟುಗಳನ್ನು ನೋಡುತ್ತ, ಕತ್ತಲಲ್ಲಿ ನೀರು ಎಲ್ಲಿ ತೊಟ್ಟಿಕ್ಕುತ್ತಿದೆಯೆಂದು ಕಿವಿಗೊಟ್ಟು ನಡೆಯುವವಳಂತೆ ಹೆಜ್ಜೆ ಇಟ್ಟಳು. ಹಾಲಿನಲ್ಲಿ ಗೀಟೆಲ್ಲ ತುಂಬಿದ್ದವು. ನಡುಕೋಣೆಯ ಹೊಸ್ತಿಲಲ್ಲೂ ಪರವಾಗಿರಲಿಲ್ಲ. ಒಳಗೆ ಎರಡು ಹೆಜ್ಜೆ ಇಟ್ಟಳು. ಗೀಟುಗಳು ದೀಪ ಆರಿದ ಹಾಗೆ ಕುಸಿದವು. ಅವಳು ತಲೆ ಎತ್ತಿದಳು.

ನಡುಕೋಣೆಯ ಕಬ್ಬಿಣದ ಬೀರುವಿನ ಬಾಗಿಲು ಪೂರಾ ತೆರೆದಿತ್ತು. ಅದರ ನಿಲುವುಗನ್ನಡಿ ಕಿಟಕಿಯ ಕಡೆ ತಿರುಗಿ, ಕೋಣೆಯ ತುಂಬ ನೀರಿನಂಥ ಬೆಳಕು ಚೆಲ್ಲಿತ್ತು. ಆ ಬೆಳಕಿನಲ್ಲಿ ಅತ್ತಿಗೆ ನಿಂತಿದ್ದಳು, ನವಿಲುಬಣ್ಣದ ಮೈಸೂರು ರೇಷ್ಮೆಯ ನೆರಿಗೆ ಹಿಡಿಯುತ್ತ. ಹಣೆಗೆ ವಿಭೂತಿ ಎಳೆದಿದ್ದಳು, ಜಡೆ ಬಿಗಿದಿದ್ದಳು, ಕೈಗಡಿಯಾರ ಕಟ್ಟಿದ್ದಳು. ತೆರೆದ ಬಾಗಿಲಿನ ಹಿಂದೆ, ಗೂಡಿನಲ್ಲಿ, ಬಿಳಿ ಡಬ್ಬಿಯ ದೀಪ ಕೆಂಪಾಗಿತ್ತು.

ಕನ್ನಡಿಯೊಳಗೇ ಇಬ್ಬರ ಕಣ್ಣು ಸೇರಿದವು.

"ಇಲ್ಲಿ ಕತ್ಲೆ. ಬಾಗಿಲು ಇಷ್ಟು ತೆಗೆದ್ರೇನೇ ಮುಖ ಕಾಣೋದು," ಎಂದಳು ತ್ರಿಪುರಸುಂದರಿ, ತಪ್ಪು ಮಾಡಿದವಳ ಯಾವ ಗಡಿಬಿಡಿಯೂ ಇಲ್ಲದೆ. "ಬಂದ್ಮೇಲೆ ಸೀರೆ ಮಡಚಿ ಇಡ್ಬೇಕಲ್ಲ, ಅಲ್ಲೀವರೆಗೂ ತೆಗೆದೇ ಇಟ್ಟಿರ್ತೀನಿ. ಈ ದರಿದ್ರದ ಬಾಗಿಲು ಒಂದ್ಸಲ ಬಿತ್ತು ಅಂದ್ರೆ ಮತ್ತೆ ತೆಗೆಯೋಕೆ ಭೀಮನೇ ಬರ್ಬೇಕು."

"ಎಲ್ಲಿಂದ ಬಂದ್ಮೇಲೆ ಅತ್ತಿಗೆ?"

"ಮೆಟ್ರೋದಿಂದ." ಸೆರಗಿಗೆ ಪಿನ್ನು ಚುಚ್ಚುತ್ತ ಆಕೆ ಸಹಜವಾಗಿ ಹೇಳಿದಳು. "ನಿಂಗೊತ್ತಲ್ಲ. ಇವತ್ತು ಮನೇಲೇ ಇದೀಯ, ನೀನೂ ಬಾ."

ಗೊತ್ತಿಲ್ಲ ಎನ್ನಬೇಕಿದ್ದ ಶಿವರಂಜಿನಿ ಚಪ್ಪಲಿ ಮೆಟ್ಟಿ ಹಿಂದೆ ನಡೆದಳು. ತ್ರಿಪುರಸುಂದರಿ ಹಿತ್ತಲಿಗಿಳಿದು, ಅಡುಗೆಮನೆಯ ಬಾಗಿಲಿಗೆ ಬೀಗ ಹಾಕಿ, ನಂದಿಬಟ್ಟಲ ಗಿಡದ ಪಕ್ಕ ಒಂದು ಗಳಿಗೆ ನಿಂತಳು. ಗೋಡೆಯ ಮೇಲಿನ ಕ್ಯಾಮೆರಾದತ್ತ ಮುಖ ಎತ್ತಿ, "ಹೋಗಿ ಬರ್ತೀನಪ್ಪ," ಎಂದು ಕೈ ಬೀಸಿದಳು. ಆಮೇಲೆ ಹಸಿರು ಬಾಗಿಲು ತೆರೆದಳು; ಸ್ಟೇಷನ್ನಿಗೆ ಆ ಓಣಿಯೇ ಹತ್ತಿರದ ದಾರಿ.

"ದಿನಾ ಹೀಗೆ ಹೇಳಿ ಹೋಗ್ತೀರಾ?" ಶಿವರಂಜಿನಿಯ ದನಿ ಅವಳಿಗೇ ಸಣ್ಣದಾಗಿ ಕೇಳಿಸಿತು.

"ಹೇಳ್ದೆ ಹೋದ್ರೆ ಪ್ರಭು ಹೆದರ್ಕೊಳಲ್ವಾ? ಬಾಯಿಬಿಟ್ಟು ಕೇಳಿದ್ರೆ ಬೇಡ ಅಂತಾನೆ, ಅವನ ಸ್ವಭಾವ. ಅದಕ್ಕೆ ಕೇಳೋಕೆ ಹೋಗ್ಲಿಲ್ಲ. ಮೊದಲ ದಿನ ಸಂಜೆ ಬೈತಾನೆ ಅಂದ್ಕೊಂಡಿದ್ದೆ. ಬಂದ, ಊಟ ಮಾಡ್ದ, ಮಲ್ಕೊಂಡ. ಮಾರನೇ ದಿನಾನೂ ಅಷ್ಟೆ. ಒಪ್ಕೊಂಡಿದಾನೆ ಅಂತ ಗೊತ್ತಾಯ್ತು." ಓಣಿಯ ನೆರಳಿನಲ್ಲಿ ನಡೆಯುತ್ತ ಆಕೆ ಮೆಲ್ಲಗೆ ನಕ್ಕಳು. "ಮೇಲೆ ಒರಟ. ಒಳಗೆ ಹಾಗಿಲ್ಲ ಅವನು."

ನ್ಯಾಷನಲ್ ಕಾಲೇಜು ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಶಿವರಂಜಿನಿ ಅತ್ತಿಗೆಯ ಕೈ ಹಿಡಿದುಕೊಂಡಳು.

ಮಧ್ಯಾಹ್ನದ ರೈಲಿನಲ್ಲಿ ಜನ ಕಡಿಮೆ. ಹೆಂಗಸರ ಬೋಗಿಯಲ್ಲಿ ಕಿಟಕಿಗೆ ಬೆನ್ನು ಕೊಟ್ಟ ಸೀಟಿನಲ್ಲಿ ಇಬ್ಬರೂ ಕೂತರು. ಮರಗಳ ತಲೆಯ ಮೇಲಿದ್ದ ರೈಲು ನಿಧಾನವಾಗಿ ತಗ್ಗಿ ನೆಲದೊಳಕ್ಕೆ ಇಳಿಯಿತು. ಎದುರಿನ ಗಾಜು ಕಪ್ಪಾಗಿ, ಅದರಲ್ಲಿ ಇವರದೇ ಮುಖಗಳು ತೇಲಿದವು. ಮಾರ್ಕೆಟ್ ದಾಟಿದ ಮೇಲೆ ತ್ರಿಪುರಸುಂದರಿ ಚಾವಣಿಯತ್ತ ಬೆರಳು ತೋರಿಸಿದಳು.

"ಇಲ್ಲೇ ಎಲ್ಲೋ ಮೇಲ್ಗಡೆ ನಿಮ್ಮಂಗ್ಡಿ. ದಿನಾ ನಿಮ್ಮಿಬ್ರ ಕಾಲಡಿ ಹಾದು ಹೋಗ್ತೀನಿ."

ಶಿವರಂಜಿನಿ ಕಣ್ಣು ಮುಚ್ಚಿದಳು. ಮೇಲೆ ಮಣ್ಣು, ಮಣ್ಣಿನ ಮೇಲೆ ಓಣಿ, ಓಣಿಯಲ್ಲಿ ಅಂಗಡಿ, ಅಂಗಡಿಯಲ್ಲಿ ಫೋನ್ ಹಿಡಿದು ಅರೆನಿದ್ದೆಯಲ್ಲಿ ಕೂತ ತಾನು. ನಿಂತ ಚಿತ್ರವನ್ನೇ ನೋಡುತ್ತಿದ್ದ ಆ ಎಲ್ಲ ಮಧ್ಯಾಹ್ನಗಳಲ್ಲೂ ಅದರೊಳಗಿನ ಜೀವ ಹೀಗೆ ರೇಷ್ಮೆ ಸೀರೆ ಉಟ್ಟು ತನ್ನ ಕೆಳಗೇ ಹಾದುಹೋಗಿತ್ತು.

ಮೆಜೆಸ್ಟಿಕ್ ಕಳೆದು ರೈಲು ಬೆಳಕಿಗೆ ಎದ್ದಿತು. ಇದ್ದಕ್ಕಿದ್ದಂತೆ ಊರೆಲ್ಲ ತಾರಸಿಗಳಾಗಿ ಬಿಚ್ಚಿಕೊಂಡಿತು. ತ್ರಿಪುರಸುಂದರಿ ತಿರುಗಿ ಕೂತು ಗಾಜಿಗೆ ಹಣೆ ತಾಗಿಸಿದಳು. ಒಂದು ತಾರಸಿಯಲ್ಲಿ ಮುದುಕರೊಬ್ಬರು ನಾಯಿಗೆ ಸ್ನಾನ ಮಾಡಿಸುತ್ತಿದ್ದರು. ಇನ್ನೊಂದರಲ್ಲಿ ಸಂಡಿಗೆ ಹರಡಿ, ಛತ್ರಿ ಬಿಚ್ಚಿಕೊಂಡು ಕಾವಲು ಕೂತ ಹೆಂಗಸು. ಒಂದು ಕಡೆ ಯಾರೂ ಇಲ್ಲ, ಬರೀ ಒಂದು ಕುರ್ಚಿ.

"ಬೀದೀಲಿ ನೋಡಿದ್ರೆ ಎಲ್ರೂ ಎಲ್ಲಿಗೋ ಓಡ್ತಿರ್ತಾರೆ," ಎಂದಳು ಆಕೆ. "ಮಾಳಿಗೆ ಮೇಲೆ ಯಾರೂ ಓಡಲ್ಲ ನೋಡು. ಆಫೀಸಿಗೆ ಹೋಗೋವಾಗ ಬಸ್ಸಲ್ಲಿ ಇಷ್ಟೆಲ್ಲ ಕಾಣ್ತಿರ್ಲಿಲ್ಲ."

ಶಿವರಂಜಿನಿ ಆಕೆಯ ಮುಖ ನೋಡಿದಳು. ಗಾಂಧಿಬಜಾರಿನಿಂದ ಆಟೋದಲ್ಲಿ ಬಂದ ದಿನದ ಆ ಬಿಳಿಚಿದ ಮುಖ ಇದಲ್ಲ. ಯಶವಂತಪುರದಲ್ಲಿ ಇಳಿದು, ಒಂದೊಂದು ಕಾಫಿ ಕುಡಿದು, ಮರಳಿ ಬಂದರು. ಮನೆ ಸೇರಿದ ಮೇಲೆ ಸೀರೆ ಮಡಚಿಟ್ಟು ಬೀರುವಿನ ಬಾಗಿಲನ್ನು ಇಬ್ಬರೂ ಸೇರಿ ದೂಡಿದರು. ಗೂಡಿನ ದೀಪ ಕೆಂಪು ಕಳೆದು, ಸ್ವಲ್ಪ ಯೋಚಿಸಿ, ಬೆಳ್ಳಗಾಯಿತು.

ಆ ರಾತ್ರಿ ಶಿವರಂಜಿನಿಗೆ ನಿದ್ದೆ ಸರಿಯಾಗಿ ಬರಲಿಲ್ಲ. ಡಬ್ಬಿ ಇದ್ದಲ್ಲೇ ಇದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅತ್ತಿಗೆ ಸುಖವಾಗಿ ಹೋಗಿ ಬರುತ್ತಾಳೆ. ಆದರೆ ಆ ಬೀಸಿದ ಕೈ? ಅದು ಯಾರನ್ನೂ ತಲುಪದೆ ದಿನಾ ಗಾಳಿಯಲ್ಲಿ ಕರಗುತ್ತಿದೆ ಎಂದು ಗೊತ್ತಿದ್ದೂ ಸುಮ್ಮನಿರುವುದು ಹೇಗೆ?

ಬೆಳಿಗ್ಗೆ ಪ್ರಭುದೇವ ಪೂಜೆಗೆ ಕೂತಾಗ ಅವಳು ಅಡುಗೆಮನೆಗೆ ಹೋದಳು. ತ್ರಿಪುರಸುಂದರಿ ಅವರೆಕಾಳು ಹಿಸುಕುತ್ತಿದ್ದಳು.

"ಅತ್ತಿಗೆ, ಆ ಕ್ಯಾಮೆರಾ ನಿಮ್ಮನ್ನ ನೋಡೇ ಇಲ್ಲ. ನೀವು ಬೀರು ತೆಗೆದ್ರೆ ಅದರ ಕಬ್ಬಿಣದ ಬಾಗಿಲು ಡಬ್ಬಿಗೆ ಅಡ್ಡ ಬರತ್ತೆ. ಕ್ಯಾಮೆರಾ ಆಫ್ ಆಗ್ಬಿಡತ್ತೆ. ನೀವು ಬಂದು ಮುಚ್ಚಿದ ಮೇಲೇ ಅದು ಏಳೋದು. ನೀವು ಹೋಗೋದು ಅವರಿಗೆ ಗೊತ್ತೇ ಇಲ್ಲ. ನಂಗೂ ನಿನ್ನೇನೇ ಗೊತ್ತಾಗಿದ್ದು."

ಹಿಸುಕುವ ಬೆರಳು ನಿಂತವು. ಹೊರಗೆ ಪ್ರಭುದೇವನ ಗಂಟೆಯ ಸದ್ದು ಬಂದು ನಿಂತಿತು.

"ಅವನು ಸುಮ್ನಿದ್ದಿದ್ದು ಗೊತ್ತಿಲ್ದೇನಾ," ಎಂದಳು ತ್ರಿಪುರಸುಂದರಿ. ಇನ್ನೊಂದು ಕಾಳು ಹಿಸುಕಿದಳು. "ನಾನು ಅವನಿಗೆ ಎಷ್ಟು ಒಳ್ಳೇತನ ಕಟ್ಟಿಬಿಟ್ಟಿದ್ದೆ."

"ಡಬ್ಬಿ ಹಾಗೇ ಇರ್ಲಿ ಬಿಡಿ ಅತ್ತಿಗೆ. ನಾನು ಹೇಳಲ್ಲ."

"ಬೇಡ. ಸರಿ ಮಾಡು ಅದನ್ನ." ಆಕೆಯ ದನಿ ಗಟ್ಟಿಯಾಗಿತ್ತು. "ನಾನು ಕದ್ದು ಹೋದೋಳಲ್ಲ ರಂಜಿನಿ. ಕದ್ದು ಹೋಗೋದು ನಂಗೆ ಬೇಕಾಗೂ ಇಲ್ಲ. ನೋಡ್ಲಿ. ನೋಡಿ ಏನು ಹೇಳ್ತಾನೋ ಹೇಳ್ಲಿ."

ಭಾನುವಾರ ಪ್ರಭುದೇವ ಯಾವುದೋ ಮದುವೆಗೆ ಹೋಗಿದ್ದಾಗ ಇಬ್ಬರೂ ಸೆರಗು ಕಟ್ಟಿ ನಿಂತರು. ತ್ರಿಪುರಸುಂದರಿ ಬೀರುವಿನ ಬಾಗಿಲು ತೆಗೆಯುವುದು, ಮುಚ್ಚುವುದು. ಶಿವರಂಜಿನಿ ಡಬ್ಬಿ ಹಿಡಿದುಕೊಂಡು ಕೋಣೆಯ ಮೂಲೆ ಮೂಲೆ ಸುತ್ತುವುದು. ಕಿಟಕಿಯ ಕಟ್ಟೆ ಆಗಲಿಲ್ಲ. ಹೊಲಿಗೆ ಮಿಷನ್ನಿನ ಮೇಲೆ ಆಗಲಿಲ್ಲ. ಕೊನೆಗೆ ಅವಳು ಸ್ಟೂಲು ಹತ್ತಿ, ನಡುಕೋಣೆಗೂ ಊಟದ ಮನೆಗೂ ನಡುವಿನ ಬಾಗಿಲ ಮೇಲಿದ್ದ ಗವಾಕ್ಷಿಯಲ್ಲಿ ಡಬ್ಬಿ ಇಟ್ಟಳು. ಅಲ್ಲಿಂದ ನೋಡಿದರೆ ಎದುರಿನ ಗೋಡೆಯ ಗವಾಕ್ಷಿಯೂ, ಅದರಾಚೆ ಹಾಲೂ ನೇರ ಕಾಣುತ್ತಿತ್ತು. ಹಿಂದೆ ಅಡುಗೆಮನೆಯ ಗವಾಕ್ಷಿ, ಅದರಾಚೆ ಆಕಾಶದ ಒಂದು ಚೂರು. ಗಾಳಿ ಆಡಲೆಂದು ಯಾರೋ ಹಿರಿಯರು ಬಿಡಿಸಿದ್ದ ದಾರಿ. ದಪ್ಪ ಗೋಡೆಗಳು ಕೆಳಗೇ ಉಳಿದವು, ಬೀರುವೂ ಕೆಳಗೇ ಉಳಿಯಿತು.

"ತೆಗೀರಿ ಅತ್ತಿಗೆ."

ಬಾಗಿಲು ಕಿರ್ರೆಂದು ತೆರೆಯಿತು. ಡಬ್ಬಿಯ ದೀಪ ಬೆಳ್ಳಗೇ ಇತ್ತು. ಫೋನಿನಲ್ಲಿ ಹಿತ್ತಲ ನಂದಿಬಟ್ಟಲು ಗಾಳಿಗೆ ಓಲಾಡಿತು, ನಿಲ್ಲಲಿಲ್ಲ.

ಮಾರನೆಯ ದಿನ ಅಂಗಡಿಯಲ್ಲಿ ಊಟದ ಹೊತ್ತು ಕಳೆದು ಜೊಂಪು ಹತ್ತಿತು. ಶಿವರಂಜಿನಿ ಮಾತ್ರ ಎಚ್ಚರವಾಗಿ ಕೂತಿದ್ದಳು. ಹಿತ್ತಲಲ್ಲಿ ಯಾರಾದರೂ ಅಲ್ಲಾಡಿದರೆ ಪ್ರಭುದೇವನ ಫೋನು ಟಿಂಗ್ ಎನ್ನುತ್ತದೆ. ಎಂದಿತು. ಅವನು ಕನ್ನಡಕ ಏರಿಸಿ ನೋಡಿದ, ನೋಡುತ್ತಲೇ ಇದ್ದ.

"ಅಕ್ಕ ಎಲ್ಲಿಗೆ ಹೊರಟಿದಾಳೆ?"

"ಮೆಟ್ರೋಗೆ."

"ಯಾರ ಜೊತೆ?"

"ಒಬ್ರೇ. ಬಹಳ ದಿನದಿಂದ ಹೋಗ್ತಿದಾರೆ."

"ನಿಂಗೆ ಗೊತ್ತಿತ್ತಾ?" ಅವನ ದನಿ ಏರಿತು. ಎದುರಂಗಡಿಯವರು ತಿರುಗಿ ನೋಡಿದರು. "ಗೊತ್ತಿದ್ದೂ ಹೇಳ್ಲಿಲ್ವಾ?"

"ನಂಗೂ ಗೊತ್ತಾಗಿದ್ದು ಮೊನ್ನೆ. ನಾನು ಹೇಳೋದಕ್ಕಿಂತ ನೀವೇ ನೋಡ್ಲಿ ಅಂತ ರಿಪೇರಿ ಮಾಡ್ದೆ." ಅವಳು ಅವನ ಕಡೆ ನೋಡದೆ ಬಳೆಯ ಡಬ್ಬಿ ಒರೆಸಿದಳು. "ನೀವು ದಿನಾ ನೋಡ್ತಿದೀರಿ, ನೋಡಿ ಒಪ್ಕೊಂಡಿದೀರಿ ಅಂತಲೇ ಅವರು ಅಂದ್ಕೊಂಡಿದ್ರು. ನಿಮ್ಮನ್ನ ಒಳ್ಳೆಯವನು ಅಂತಿದ್ರು."

ಪ್ರಭುದೇವ ಫೋನಿನಲ್ಲಿ ಆ ತುಣುಕನ್ನು ಇನ್ನೊಮ್ಮೆ ಹಾಕಿದ. ನವಿಲುಬಣ್ಣದ ಸೀರೆಯ ಹೆಂಗಸು ಗಿಡದ ಪಕ್ಕ ನಿಲ್ಲುತ್ತಾಳೆ, ಮುಖ ಎತ್ತುತ್ತಾಳೆ. ಇವತ್ತು ಆಕೆ ನಗಲಿಲ್ಲ, ನೇರ ನೋಡಿದಳು. ಕೈ ಎತ್ತಿದಳು. ಬಾಗಿಲು ತೆರೆದು ಹೋದಳು. ಅವನು ಮತ್ತೆ ಹಾಕಿದ.

"ಮುಂದಿನ ಬೋಗೀಲಿ ಕೂರ್ತಾಳಾ?" ಎಂದ.

"ಹೂಂ. ಹೆಂಗಸರದು."

ಅವನು ಚಪ್ಪಲಿ ಮೆಟ್ಟಿಕೊಂಡು, ಅಕ್ಕನ ರೈಲು ಹಾದುಹೋಗುವ ಚಿಕ್ಕಪೇಟೆ ಸ್ಟೇಷನ್ನಿನ ಕಡೆ ನಡೆದುಬಿಟ್ಟ. ಬೈಯಲು ಹೋದನೋ, ಕರೆತರಲು ಹೋದನೋ, ಅವನ ಬೆನ್ನು ನೋಡಿ ಅವಳಿಗೆ ತಿಳಿಯಲಿಲ್ಲ.

ಗಿರಾಕಿಗಳು ಬಂದರು, ಹೋದರು. ಒಬ್ಬಾಕೆ ಸೀಮಂತಕ್ಕೆಂದು ಹಸಿರು ಬಳೆ ಕೇಳಿದಳು. ಶಿವರಂಜಿನಿ ಕೆಂಪು ಕೊಟ್ಟು, ನಾಚಿ, ಬದಲಾಯಿಸಿದಳು. ಅಂಗಡಿಯ ನೆಲ ಆಗಾಗ ಸಣ್ಣಗೆ ನಡುಗಿದಂತಾಗುತ್ತಿತ್ತು. ಅದು ಕೈಗಾಡಿಯೋ, ರೈಲೋ, ಅವಳ ಭ್ರಮೆಯೋ.

ಬಿಸಿಲು ಬಾಡುವ ಹೊತ್ತಿಗೆ ಫೋನ್ ಬಂತು. ಆ ಕಡೆ ಗಾಳಿಯ ಸದ್ದು, ಲಾರಿಗಳ ಸದ್ದು.

"ಮಾದಾವರದಲ್ಲಿದೀವಿ," ಎಂದ ಪ್ರಭುದೇವ.

"ಅಷ್ಟು ದೂರ? ಯಾಕೆ?"

"ಅಕ್ಕನ್ನ ಈಚೆ ಬೋಗಿಗೆ ಕರೆದು ಕೂರಿಸ್ಕೊಂಡೆ. ಬೈಯ್ಯೋಣ ಅಂತ್ಲೇ ಹೋದೆ. ಸಂಪಿಗೆ ರೋಡ್ ದಾಟಿದ್ಮೇಲೆ ಅದ್ಯಾವುದೋ ನಾಯಿ, ಅದ್ಯಾವುದೋ ಕುರ್ಚಿ ಅಂತ ತೋರಿಸ್ತಾ ಇದ್ಲು. ಆಮೇಲೆ ಹಾಗೇ ನಿದ್ದೆ ಹೋದ್ಲು. ಎಬ್ಬಿಸೋಕೆ ಮನಸ್ಸಾಗ್ಲಿಲ್ಲ. ರೈಲೇ ಮುಗಿದೋಯ್ತು." ಗ್ಲಾಸು ಇಟ್ಟ ಸದ್ದು ಕೇಳಿಸಿತು. "ಮಾತ್ರೆ ದಿನಾ ಚೀಲದಲ್ಲೇ ಇಟ್ಕೊಂಡು ಬರ್ತಾಳಂತೆ. ನಂಗೊತ್ತಿರ್ಲಿಲ್ಲ."

"ಈಗ ಏನ್ಮಾಡ್ತಿದೀರ?"

"ಸ್ಟೇಷನ್ ಹೊರಗೆ ಕಬ್ಬಿನ ಹಾಲು ಕುಡೀತಿದೀವಿ. ಶುಂಠಿ ಜಾಸ್ತಿ ಹಾಕಿಸ್ಕೊಂಡಿದಾಳೆ." ದೂರದಲ್ಲಿ ತ್ರಿಪುರಸುಂದರಿ ಯಾರೊಂದಿಗೋ ಮಾತಾಡುವುದು ಕೇಳಿಸಿತು. "ಇಲ್ಲಿ ಗಾಳಿ ಚೆನ್ನಾಗಿದೆ. ಅಂಗಡಿ ಬಾಗಿಲು ಹಾಕ್ಕೊಂಡು ಬಂದ್ಬಿಡು."

"ಈಗ್ಲಾ? ವ್ಯಾಪಾರದ ಹೊತ್ತು."

"ಬಾ ಅಂದ್ರೆ ಬಾ."

ಶಿವರಂಜಿನಿ ದೀಪ ಆರಿಸಿ ಶಟರ್ ಎಳೆದಳು. ಎದುರಂಗಡಿಯವರು ಏನಾಯಿತೆಂದು ಕೇಳಿದರು; ಏನಿಲ್ಲ, ಮನೆಯವರು ಕರೀತಿದಾರೆ ಎಂದಳು. ಕೈಗಾಡಿಗಳನ್ನು ಬಳಸಿ, ಹೂವಿನವಳ ಬಳಿ ಒಂದು ಮೊಳ ಕನಕಾಂಬರ ಕೊಂಡು ಮುಡಿದು, ಸಂಜೆಯ ಜನರ ನಡುವೆ ಅವಳು ಮೆಟ್ಟಿಲಿಳಿದು ನೆಲದಡಿಯ ತಂಪಿಗೆ ಹೋದಳು.